ಆ ಕೆಂಪು ದೀಪದ ಹಿಂದಿನ ವೈರು

ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳುವವರು ಎಂಜಿನ್ನು, ತುಕ್ಕು, ಬಿಡಿಭಾಗಗಳ ಬಗ್ಗೆ ನಾಲ್ಕಾರು ಜನರನ್ನು ವಿಚಾರಿಸಿಯೇ ಕೊಳ್ಳುತ್ತಾರೆ. ಡ್ಯಾಶ್‌ಬೋರ್ಡಿನ ಬಗ್ಗೆ ಮಾತ್ರ ಕೇಳುವವರು ಕಡಿಮೆ. ಮನೆಗೆ ತಂದು, ಸೀಟಿನಲ್ಲಿ ಕೂತು ಕೀ ತಿರುಗಿಸಿದ ಮೇಲೆ ಪ್ರಶ್ನೆಗಳು ಒಂದೊಂದಾಗಿ ಏಳುತ್ತವೆ. ಹೆಸರು ಅಳಿಸಿಹೋದ ಈ ಕೆಂಪು ದೀಪ ಯಾವುದರದ್ದು? ಒತ್ತಿದರೂ ಏನೂ ಆಗದ ಈ ಸ್ವಿಚ್ಚು ಯಾಕಿದೆ? ಇಂದಿನ ಕಾರುಗಳ ರೂಢಿ ಇರುವ ನಾವು ತಕ್ಷಣ ಅವುಗಳಲ್ಲಿರುವಂಥದೇ ಚಿತ್ರ ಇಲ್ಲಿ ಎಲ್ಲಿದೆ ಎಂದು ಹುಡುಕಲು ಹೊರಡುತ್ತೇವೆ. ಹಳೆಯ ಕಾರಿನಲ್ಲಿ ಆ ಹುಡುಕಾಟದಿಂದ ಹೆಚ್ಚು ಪ್ರಯೋಜನವಿಲ್ಲ. ಅಲ್ಲಿನ ದೀಪದ ಹಿಂದೆ ಲೆಕ್ಕ ಹಾಕುವ ಕಂಪ್ಯೂಟರ್ ಇಲ್ಲ. ಇರುವುದು ಒಂದು ಬಲ್ಬು, ಎರಡು ವೈರು, ಆ ವೈರುಗಳ ಕೊನೆಯಲ್ಲಿ ಕಾರಿನ ಯಾವುದೋ ಒಂದು ಭಾಗ. ಆದ್ದರಿಂದ ದೀಪದ ಮೇಲಿನ ಗುರುತನ್ನು ಬಿಟ್ಟು, ಅದರ ವೈರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಮೊದಲು ಕೇಳಬೇಕು ಎಂಬುದು ನನ್ನ ವಾದ. ಇದನ್ನು ತೋರಿಸಲು ಬ್ರಿಟನ್ನಿನ ಎಂಜಿಬಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. 1962ರಿಂದ 1980ರವರೆಗೆ ಆ್ಯಬಿಂಗ್ಡನ್‌ನ ಕಾರ್ಖಾನೆಯಲ್ಲಿ 5 ಲಕ್ಷಕ್ಕೂ ಹೆಚ್ಚು ತಯಾರಾದ ಈ ಕಾರು ಇಂದಿಗೂ ಬ್ರಿಟನ್, ಅಮೆರಿಕಗಳಲ್ಲಿ ಸಾವಿರಾರು ಜನರ ಕೈಯಲ್ಲಿ ಓಡುತ್ತಿದೆ.

ಗುರುತುಗಳನ್ನು ನಂಬುವುದು ಕಷ್ಟ ಎನ್ನಲು ಚರಿತ್ರೆಯ ಕಾರಣವಿದೆ. 1960ರ ದಶಕದ ಆರಂಭದಲ್ಲಿ ಯಾವ ಸ್ವಿಚ್ಚು ಎಲ್ಲಿರಬೇಕು, ಅದರ ಮೇಲೆ ಏನು ಬರೆದಿರಬೇಕು ಎಂಬುದನ್ನು ಪ್ರತಿ ಕಂಪನಿಯೂ ತನಗೆ ತೋಚಿದಂತೆ ತೀರ್ಮಾನಿಸುತ್ತಿತ್ತು. 1961ರ ಜಾಗ್ವಾರ್ ಇ-ಟೈಪ್‌ನ ಡ್ಯಾಶ್‌ಬೋರ್ಡಿನ ನಡುವೆ ವಿಮಾನದಲ್ಲಿರುವಂಥ ಟಾಗಲ್ ಸ್ವಿಚ್ಚುಗಳ ಸಾಲೇ ಇತ್ತು. ನೋಡಲು ಅಂದ, ಆದರೆ ಎಲ್ಲವೂ ಒಂದೇ ಆಕಾರ. ಕೆಳಗಿನ ಪಟ್ಟಿಯನ್ನು ಓದದೆ ಯಾವುದು ವೈಪರ್, ಯಾವುದು ಫ್ಯಾನ್ ಎಂದು ಹೇಳುವಂತಿರಲಿಲ್ಲ. 1966ರಲ್ಲಿ ಅಮೆರಿಕ ವಾಹನ ಸುರಕ್ಷತೆಯ ಕಾನೂನು ತಂದಿತು. ಅದರಡಿ ಬಂದ 101ನೇ ಮಾನದಂಡ 1968ರ ಜನವರಿ 1ರಿಂದ ಜಾರಿಯಾಗಿ, ಬೆಲ್ಟ್ ಹಾಕಿಕೊಂಡ ಚಾಲಕನ ಕೈಗೆ ಮುಖ್ಯ ಸ್ವಿಚ್ಚುಗಳು ಎಟುಕಬೇಕು, ಅವುಗಳ ಮೇಲೆ ಗುರುತು ಇರಬೇಕು ಎಂದು ವಿಧಿಸಿತು. ಜಾಗ್ವಾರ್‌ನ ಟಾಗಲ್‌ಗಳು ಹೋಗಿ ಚಪ್ಪಟೆ ರಾಕರ್ ಸ್ವಿಚ್ಚುಗಳು ಬಂದವು. ಅಮೆರಿಕಕ್ಕೆ ಹೋಗುವ ಎಂಜಿಬಿಗೆ ದಪ್ಪ ಮೆತ್ತೆಯ ಹೊಸ ಡ್ಯಾಶ್‌ಬೋರ್ಡ್ ಕೂತಿತು. ಅಭಿಮಾನಿಗಳು ಅದನ್ನು ಇಂದಿಗೂ ‘ಆ್ಯಬಿಂಗ್ಡನ್ ದಿಂಬು’ ಎಂದೇ ಕರೆಯುತ್ತಾರೆ. ಬ್ರಿಟನ್ನಿನ ಗ್ರಾಹಕರಿಗೆ ಮಾತ್ರ ಹಳೆಯ ತಗಡಿನ ಡ್ಯಾಶ್‌ಬೋರ್ಡೇ ಮುಂದುವರಿಯಿತು. ಹೀಗೆ ಒಂದೇ ವರ್ಷ, ಒಂದೇ ಕಾರ್ಖಾನೆ, ಒಂದೇ ಹೆಸರಿನ ಎರಡು ಕಾರುಗಳ ಮುಂದೆ ಕೂತರೆ ಎರಡು ಬೇರೆ ಬೇರೆ ದೀಪಗಳ ಲೋಕ ಕಾಣುತ್ತದೆ. ಎಣ್ಣೆ ಡಬ್ಬಿ, ಬ್ಯಾಟರಿ ಮುಂತಾಗಿ ಇಂದು ನಾವು ಕಾಣುವ ಚಿತ್ರಗಳನ್ನು ಐಎಸ್‌ಒ 2575 ಎಂಬ ಅಂತರರಾಷ್ಟ್ರೀಯ ಮಾನದಂಡ ಒಟ್ಟುಗೂಡಿಸಿದ್ದು ಈ ಕಾರುಗಳ ವಿನ್ಯಾಸ ಮುಗಿದ ಮೇಲೆ. ಹಾಗಾಗಿ ಕಾರು ಯಾವ ವರ್ಷದ್ದು, ಯಾವ ದೇಶಕ್ಕೆಂದು ತಯಾರಾದದ್ದು ಎಂಬುದು ಮೊದಲು ಗೊತ್ತಾಗಬೇಕು. ಆ ನಿಯಮ ಬಂದ ಮೇಲೆ ಅಮೆರಿಕಕ್ಕೆಂದು ತಯಾರಾದ ಎಂಜಿಬಿಯಾದರೆ ಚಾಸಿ ನಂಬರಿನಲ್ಲಿ ಸಾಮಾನ್ಯವಾಗಿ ‘ಯು’ ಅಕ್ಷರ ಇರುತ್ತದೆ.

ಈಗ ಆ ಕೆಂಪು ದೀಪವನ್ನೇ ಹತ್ತಿರದಿಂದ ನೋಡೋಣ. ಅದಕ್ಕೆ ಇಗ್ನಿಷನ್ ದೀಪ ಎಂಬ ಹೆಸರಿದ್ದರೂ ಅದು ಹೇಳುವುದು ಬ್ಯಾಟರಿ ಚಾರ್ಜ್ ಆಗುತ್ತಿದೆಯೇ ಇಲ್ಲವೇ ಎಂಬುದನ್ನು. 2.2 ವ್ಯಾಟಿನ ಪುಟ್ಟ ಬಲ್ಬು. ಅದರ ಒಂದು ಕಡೆಗೆ ಇಗ್ನಿಷನ್ ಸ್ವಿಚ್ಚಿನಿಂದ ಬಿಳಿ ವೈರು, ಇನ್ನೊಂದು ಕಡೆಗೆ ಡೈನಮೋ ಅಥವಾ ಆಲ್ಟರ್ನೇಟರ್ ಕಡೆಯಿಂದ ಕಂದು ಮೈಯ ಮೇಲೆ ಹಳದಿ ಗೆರೆಯಿರುವ ವೈರು. ಕೀ ತಿರುಗಿಸಿದಾಗ ಬಿಳಿ ವೈರಿನಲ್ಲಿ ಬ್ಯಾಟರಿಯ 12 ವೋಲ್ಟ್ ಇದೆ, ಆಚೆ ಡೈನಮೋ ಇನ್ನೂ ತಿರುಗದೆ ಸೊನ್ನೆಯಲ್ಲಿದೆ. ಕರೆಂಟು ಹರಿದು ದೀಪ ಹೊತ್ತುತ್ತದೆ. ಎಂಜಿನ್ ಸ್ಟಾರ್ಟ್ ಆಗಿ ಡೈನಮೋ ವೇಗ ಹಿಡಿದರೆ ಎರಡೂ ಕಡೆಯ ವೋಲ್ಟೇಜು ಸಮವಾಗುತ್ತದೆ. ಎರಡೂ ತಂಡಗಳ ಬಲ ಸಮವಿದ್ದಾಗ ಹಗ್ಗಜಗ್ಗಾಟದ ಹಗ್ಗ ಯಾವ ಕಡೆಗೂ ಸರಿಯದಂತೆ, ಬಲ್ಬಿನಲ್ಲಿ ಕರೆಂಟು ಹರಿಯುವುದು ನಿಲ್ಲುತ್ತದೆ, ದೀಪ ಆರುತ್ತದೆ. ಇಷ್ಟು ತಿಳಿದವರಿಗೆ ಅದರ ಉಳಿದ ವರ್ತನೆಯೂ ತಾನಾಗಿ ಅರ್ಥವಾಗುತ್ತದೆ. 1967ರ ಕೊನೆಯವರೆಗಿನ ಎಂಜಿಬಿಗಳಲ್ಲಿ ಡೈನಮೋ ಇತ್ತು. ಎಂಜಿನ್ ನಿಧಾನವಾಗಿ ಐಡಲ್‌ನಲ್ಲಿರುವಾಗ ಅದು ಸಾಕಷ್ಟು ವೋಲ್ಟೇಜು ಕೊಡಲಾರದು, ಆದ್ದರಿಂದ ಸಿಗ್ನಲ್ಲಿನಲ್ಲಿ ನಿಂತಾಗ ದೀಪ ಮಂದವಾಗಿ ಮಿನುಗಿದರೆ ಅದು ರೋಗವಲ್ಲ. ಅನಂತರದ ಕಾರುಗಳಲ್ಲಿ ಆಲ್ಟರ್ನೇಟರ್ ಇದೆ. ಅಲ್ಲಿ ಅದೇ ಮಿನುಗು ಡಯೋಡ್ ಕೆಟ್ಟಿರುವುದರ ಅಥವಾ ಎಲ್ಲೋ ಕನೆಕ್ಷನ್ ಸಡಿಲವಾಗಿರುವುದರ ಲಕ್ಷಣ. ಕೀ ತೆಗೆದ ಮೇಲೂ ಮಂದವಾಗಿ ಉರಿಯುತ್ತಿದ್ದರಂತೂ ಡಯೋಡ್ ಮೇಲೆಯೇ ಅನುಮಾನ ಪಡಬೇಕು. ದೀಪ ಒಂದೇ, ಬಣ್ಣ ಒಂದೇ. ವರ್ಷ ಬದಲಾದರೆ ಅರ್ಥ ಬೇರೆ.

ಇದಕ್ಕಿಂತ ಸ್ವಾರಸ್ಯದ ಸಂಗತಿ ಇನ್ನೊಂದಿದೆ. ಆಲ್ಟರ್ನೇಟರ್ ಕಾರಿನಲ್ಲಿ ಈ ಬಲ್ಬು ಸುದ್ದಿ ಹೇಳುವುದರ ಜೊತೆಗೆ ಕೆಲಸವನ್ನೂ ಮಾಡುತ್ತದೆ. ಆಲ್ಟರ್ನೇಟರ್ ವಿದ್ಯುತ್ ಉತ್ಪಾದಿಸಲು ಅದರೊಳಗಿನ ಸುರುಳಿಗೆ ಮೊದಲು ಸ್ವಲ್ಪ ಕರೆಂಟು ಬೇಕು, ಆ ಕರೆಂಟು ಬರುವುದು ಈ ಬಲ್ಬಿನ ಮೂಲಕ. ಬಲ್ಬು ಸುಟ್ಟುಹೋದರೆ ಆಲ್ಟರ್ನೇಟರ್ ಚಾರ್ಜ್ ಮಾಡಲು ಶುರುಮಾಡದೇ ಹೋಗಬಹುದು. ಬಲ್ಬು ಬದಲಿಸುವಾಗ ಚೆನ್ನಾಗಿ ಬೆಳಗಲಿ ಎಂದು ಎಲ್‌ಇಡಿ ಹಾಕಿದವರು ಬ್ಯಾಟರಿ ಇಳಿದು ಪೇಚಾಡುವುದೂ ಇದೇ ಕಾರಣಕ್ಕೆ. ಎಲ್‌ಇಡಿ ಎಳೆಯುವ ಕರೆಂಟು ಆ ಕೆಲಸಕ್ಕೆ ಸಾಲುವುದಿಲ್ಲ. ಓಡುವಾಗ ಇದ್ದಕ್ಕಿದ್ದಂತೆ ಈ ದೀಪ ಹೊತ್ತಿದರೆ ಬ್ಯಾಟರಿಯ ಬಗ್ಗೆ ಮಾತ್ರ ಯೋಚಿಸುವುದೂ ತಪ್ಪು. ಎಂಜಿಬಿಯಲ್ಲಿ ಡೈನಮೋವನ್ನು ತಿರುಗಿಸುವ ಫ್ಯಾನ್ ಬೆಲ್ಟೇ ವಾಟರ್ ಪಂಪನ್ನೂ ತಿರುಗಿಸುತ್ತದೆ. ಬೆಲ್ಟ್ ಹರಿದಿದ್ದರೆ ಸ್ವಲ್ಪ ಹೊತ್ತಿನಲ್ಲೇ ಎಂಜಿನ್ ಕುದಿಯುತ್ತದೆ. ಚಾರ್ಜಿಂಗ್ ದೀಪ ಕಂಡವರು ಟೆಂಪರೇಚರ್ ಮೀಟರಿನತ್ತ ನೋಡಬೇಕು ಎಂಬ ಈ ತಿಳಿವಳಿಕೆ ಯಾವ ಚಿತ್ರದಿಂದಲೂ ಸಿಗುವುದಿಲ್ಲ.

ಬ್ರಿಟಿಷ್ ಕಾರುಗಳ ಪುಣ್ಯಕ್ಕೆ ವೈರುಗಳ ಬಣ್ಣಕ್ಕೆ ಒಂದು ಕ್ರಮವಿತ್ತು. ಕಂದು ಎಂದರೆ ಬ್ಯಾಟರಿಯಿಂದ ನೇರ ಬರುವ, ಸದಾ ಜೀವಂತವಿರುವ ವೈರು. ಬಿಳಿ, ಕೀ ತಿರುಗಿಸಿದಾಗ ಮಾತ್ರ ಜೀವ ಬರುವುದು. ಅದೇ ಫ್ಯೂಸ್ ದಾಟಿ ಬಂದರೆ ಹಸಿರು. ನೇರಳೆ, ಫ್ಯೂಸ್ ದಾಟಿಯೂ ಸದಾ ಜೀವಂತ. ಕೆಂಪು ಪಾರ್ಕಿಂಗ್ ದೀಪಗಳಿಗೆ, ನೀಲಿ ಹೆಡ್‌ಲೈಟಿಗೆ, ಕಪ್ಪು ಬಾಡಿ ಅರ್ಥ್‌ಗೆ. ಡ್ಯಾಶ್‌ಬೋರ್ಡಿನ ಕೆಳಗೆ ಟಾರ್ಚ್ ಹಿಡಿದು, ಗೊತ್ತಿಲ್ಲದ ದೀಪದ ಹಿಂದಿನ ಬಣ್ಣ ನೋಡಿದರೆ ಅರ್ಧ ಒಗಟು ಅಲ್ಲೇ ಬಿಡಿಸಿದಂತಾಗುತ್ತದೆ. ನೀಲಿಯ ಮೇಲೆ ಬಿಳಿ ಗೆರೆ ಇದ್ದರೆ ಅದು ಹೈಬೀಮ್ ದೀಪ, ಮೇಲಿನ ಗಾಜಿನ ಬಣ್ಣ ಏನೇ ಇರಲಿ.

ಸ್ವಿಚ್ಚುಗಳ ವಿಷಯವೂ ಇದೇ. ಎಂಜಿಬಿಯ ಓವರ್‌ಡ್ರೈವ್ ಸ್ವಿಚ್ಚು ಹಾಕಿ ಏನೂ ಆಗಲಿಲ್ಲ ಎಂದು ಗ್ಯಾರೇಜಿಗೆ ಓಡುವವರಿದ್ದಾರೆ. ಗೇರ್‌ಬಾಕ್ಸಿನ ಮೇಲಿರುವ ಇನ್ನೊಂದು ಸ್ವಿಚ್ಚು ಆ ಸರ್ಕ್ಯೂಟನ್ನು ಕಾಯುತ್ತದೆ. ಹೆಚ್ಚಿನ ಎಂಜಿಬಿಗಳಲ್ಲಿ ಅದು ಮೂರನೇ ಮತ್ತು ನಾಲ್ಕನೇ ಗೇರಿನಲ್ಲಿ ಮಾತ್ರ ದಾರಿ ಬಿಡುತ್ತದೆ. ಒಂದು, ಎರಡನೇ ಗೇರಿನಲ್ಲಿ ಎಷ್ಟು ಸಲ ಒತ್ತಿದರೂ ಅಷ್ಟೇ. ಅಮೆರಿಕಕ್ಕೆ ಹೋದ ಎಂಜಿಬಿಗಳಲ್ಲಿ ಒತ್ತಿದರೆ ತಾನೇ ಕೆಂಪಗೆ ಬೆಳಗುವ, ಬೇರೇನೂ ಮಾಡದ ರಾಕರ್ ಒಂದಿದೆ. ಅದು ಬ್ರೇಕಿನ ಎಚ್ಚರಿಕೆ ದೀಪ. ಒತ್ತುವುದು ಬಲ್ಬು ಸರಿಯಿದೆಯೇ ಎಂದು ನೋಡಲಿಕ್ಕೆ. ಬಲ್ಬು ಬೆಳಗಿತೆಂದು ಬ್ರೇಕ್ ಚೆನ್ನಾಗಿದೆ ಎಂದುಕೊಳ್ಳುವಂತಿಲ್ಲ. ಒತ್ತಿದಾಗ ಪರೀಕ್ಷೆಯಾಗುವುದು ಬಲ್ಬು ಮಾತ್ರ, ಬ್ರೇಕ್ ಲೈನಿನ ಒತ್ತಡ ನೋಡುವ ಸ್ವಿಚ್ಚಲ್ಲ. ಕೆಲವು ದೀಪಗಳಿಗಂತೂ ಕಾರಿನ ಆರೋಗ್ಯದ ಜೊತೆ ಸಂಬಂಧವೇ ಇಲ್ಲ. 1980ರ ಹೊತ್ತಿನ ಅಮೆರಿಕನ್ ಮಾರುಕಟ್ಟೆಯ ಪೋರ್ಷೆ 911 ಎಸ್‌ಸಿ ಕಾರಿನಲ್ಲಿ ‘ಓಎಕ್ಸ್‌ಎಸ್’ ಎಂಬ ದೀಪ 30,000 ಮೈಲಿಗೆ ಹೊತ್ತಿಕೊಳ್ಳುತ್ತದೆ. ಆಕ್ಸಿಜನ್ ಸೆನ್ಸರ್ ಕೆಟ್ಟಿದೆ ಎಂದು ಅದಕ್ಕೆ ಗೊತ್ತಾಗಿ ಹೊತ್ತಿದ್ದಲ್ಲ. ಮೈಲಿ ಎಣಿಸುವ ಕೌಂಟರ್ ಒಂದು ಸೆನ್ಸರ್ ಬದಲಿಸುವ ಹೊತ್ತಾಯಿತೆಂದು ನೆನಪಿಸುತ್ತದೆ, ಅಷ್ಟೇ. ಹೊಸ ಸೆನ್ಸರ್ ಹಾಕಿದರೂ ಆ ಕೌಂಟರನ್ನು ಮರಳಿ ಸೊನ್ನೆಗೆ ತರದಿದ್ದರೆ ದೀಪ ಆರುವುದಿಲ್ಲ. 1974ರ ಮಾಡೆಲ್‌ಗಳ ಸೀಟ್ ಬೆಲ್ಟ್ ದೀಪದ ಕಥೆಯೂ ವಿಚಿತ್ರ. ಬೆಲ್ಟ್ ಹಾಕದೆ ಕಾರು ಸ್ಟಾರ್ಟೇ ಆಗಬಾರದೆಂದು ಅಮೆರಿಕ ನಿಯಮ ಮಾಡಿತು, ಜನ ಸಿಡಿದೆದ್ದರು, ಅದೇ ವರ್ಷ ಸಂಸತ್ತು ಅದನ್ನು ರದ್ದುಮಾಡಿತು. ಆ ವ್ಯವಸ್ಥೆಯನ್ನು ಕಿತ್ತುಹಾಕಿದ ಕಾರುಗಳಲ್ಲಿ ಸೀಟಿನ ಕೆಳಗೆ ಎಲ್ಲಿಗೂ ಹೋಗದ ವೈರುಗಳು ಇಂದಿಗೂ ಉಳಿದಿರಬಹುದು.

ಮೀಟರುಗಳನ್ನೂ ಹೀಗೆಯೇ ಓದಬೇಕು. ಆ ಕಾಲದ ಎಷ್ಟೋ ಬ್ರಿಟಿಷ್ ಕಾರುಗಳಲ್ಲಿ ಪೆಟ್ರೋಲ್ ಮೀಟರಿಗೂ ಟೆಂಪರೇಚರ್ ಮೀಟರಿಗೂ ಸುಮಾರು 10 ವೋಲ್ಟ್ ಹಂಚುವ ಒಂದೇ ವೋಲ್ಟೇಜ್ ಸ್ಟೆಬಿಲೈಸರ್ ಇರುತ್ತದೆ. ಟ್ಯಾಂಕು ತುಂಬಿದಂತೆಯೂ ಎಂಜಿನ್ ಕಾದಂತೆಯೂ ಎರಡು ಮುಳ್ಳುಗಳು ಒಟ್ಟಿಗೆ ಮೇಲೇರಿದರೆ ಕೆಟ್ಟಿರುವುದು ಎರಡೂ ಅಲ್ಲ, ಅವೆರಡಕ್ಕೂ ಕರೆಂಟು ಕೊಡುವ ಆ ಪುಟ್ಟ ಡಬ್ಬಿ. ಎಂಜಿಬಿಯ ಆಯಿಲ್ ಪ್ರೆಷರ್ ಓಡುವಾಗ 50ರಿಂದ 80 ಪಿಎಸ್‌ಐ, ಬಿಸಿಯಾಗಿ ಐಡಲ್‌ನಲ್ಲಿರುವಾಗ 10ರಿಂದ 25 ಎಂದು ತಯಾರಕರೇ ಹೇಳಿದ್ದಾರೆ. ಮುಳ್ಳು ಕೆಳಗಿಳಿದ ಮಾತ್ರಕ್ಕೆ ಎಂಜಿನ್ ಬಿಚ್ಚಬೇಕಿಲ್ಲ.

ಈ ವಾದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ರಸ್ತೆಯಲ್ಲಿ ಕೆಂಪು ದೀಪ ಕಂಡರೆ ನಿಲ್ಲಿಸಬೇಕು, ವೈರಿನ ವಿಚಾರ ಚಾಲಕನಿಗೇಕೆ ಎಂದು ಕೇಳುವವರಿದ್ದಾರೆ. ನಿಲ್ಲಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಬ್ರೇಕಿನ ದೀಪವಾದರಂತೂ ಕ್ಷಣ ತಡಮಾಡಬಾರದು. ನಾನು ಹೇಳುತ್ತಿರುವುದು ನಿಲ್ಲಿಸಿದ ಮೇಲಿನ ಮಾತು. ಬೆಲ್ಟ್ ಇದೆಯೇ ಹರಿದಿದೆಯೇ ಎಂದು ಬಾನೆಟ್ ಎತ್ತಿ ನೋಡುವಷ್ಟು ತಿಳಿದವರು ಮುಂದೆ ಹೋಗಬೇಕೋ ಟೋ ಮಾಡಿಸಬೇಕೋ ಎಂದು ನಿರ್ಧರಿಸಬಲ್ಲರು. ಸ್ಕ್ಯಾನರ್ ಹಾಕಿದರೆ ಎಲ್ಲ ಗೊತ್ತಾಗುವಾಗ ಇಷ್ಟೆಲ್ಲ ಯಾಕೆ ಎಂಬುದು ಇನ್ನೊಂದು ಆಕ್ಷೇಪ. ಇಂದಿನ ಮಾದರಿಯ ಸ್ಕ್ಯಾನರ್ ಪೋರ್ಟ್ ಅಮೆರಿಕದಲ್ಲಿ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದದ್ದು 1996ರಲ್ಲಿ. ಎಂಜಿಬಿಯಂಥ ಕಾರಿನಲ್ಲಿ ಅದನ್ನು ಸಿಕ್ಕಿಸಲು ಜಾಗವೇ ಇಲ್ಲ, ಸಿಕ್ಕಿಸಿದರೂ ಉತ್ತರ ಕೊಡಲು ಒಳಗೆ ಯಾರೂ ಇಲ್ಲ.

ಮೂರನೆಯ ಆಕ್ಷೇಪವೇ ಎಲ್ಲಕ್ಕಿಂತ ಗಟ್ಟಿ. ಐವತ್ತು ವರ್ಷಗಳಲ್ಲಿ ಹತ್ತಾರು ಕೈ ದಾಟಿದ ಕಾರಿನಲ್ಲಿ ಮೂಲ ವೈರಿಂಗ್ ಎಲ್ಲಿ ಉಳಿದಿರುತ್ತದೆ? ಯಾರೋ ರೇಡಿಯೋ ಹಾಕಿಸಿ ಹಸಿರು ವೈರಿನಿಂದ ಕರೆಂಟು ಎಳೆದಿರುತ್ತಾರೆ, ಮತ್ತಾರೋ ಬಣ್ಣ ನೋಡದೆ ಸಿಕ್ಕ ವೈರು ಜೋಡಿಸಿರುತ್ತಾರೆ. ಬ್ಯಾಟರಿಯ ಪಾಸಿಟಿವ್ ತುದಿಯನ್ನು ಕಾರಿನ ಬಾಡಿಗೆ ಅರ್ಥ್ ಮಾಡಿದ್ದ, 1967ರ ಕೊನೆಯವರೆಗಿನ ಎಂಜಿಬಿಯನ್ನು ನೆಗೆಟಿವ್ ಅರ್ಥ್‌ಗೆ ಬದಲಿಸಿದವರೂ ಬಹಳ. ಇದು ನಿಜ. ಆದರೆ ವೈರಿಂಗ್ ನಕ್ಷೆ ಬೇಕಾಗುವುದು ಇಂಥಲ್ಲೇ. ಮೂಲ ನಕ್ಷೆ ಗೊತ್ತಿದ್ದರೆ ತಾನೇ ಯಾವುದು ಹೊರಗಿನಿಂದ ಬಂದದ್ದೆಂದು ಗುರುತಿಸಲು ಸಾಧ್ಯ? ಬಿಳಿ ವೈರು ಇರಬೇಕಾದಲ್ಲಿ ಗುಲಾಬಿ ವೈರು ಕಂಡರೆ ಟೆಸ್ಟ್ ಲ್ಯಾಂಪ್ ಹಿಡಿದು ಪರೀಕ್ಷಿಸಬೇಕಾದ ಜಾಗ ಅದೇ ಎಂದು ತಿಳಿಯುತ್ತದೆ. ಈ ಕೆಲಸಕ್ಕೆ ನಮ್ಮಲ್ಲಿ ಜನ ಇಲ್ಲ ಎನ್ನುವಂತೆಯೂ ಇಲ್ಲ. ಎಂಜಿಬಿಗಿಂತ ಹಿಂದಿನ ಎಂಜಿಎ ಕಾರಿನಲ್ಲಿದ್ದ 1489 ಸಿಸಿಯ ಬಿ-ಸೀರೀಸ್ ಎಂಜಿನ್ನೇ ನಮ್ಮ ಅಂಬಾಸಡರ್‌ನಲ್ಲೂ ದಶಕಗಟ್ಟಲೆ ಓಡಿತು. ಎಂಜಿಬಿಯ 1798 ಸಿಸಿ ಎಂಜಿನ್ ಅದೇ ಮನೆತನದ್ದು. ಕರ್ನಾಟಕದ ಊರೂರಿನಲ್ಲಿ ಅಂಬಾಸಡರ್ ಟ್ಯಾಕ್ಸಿಗಳ ಡೈನಮೋ ಬಿಚ್ಚಿ ಜೋಡಿಸಿದ ಹಿರಿಯ ಎಲೆಕ್ಟ್ರಿಷಿಯನ್ನರಿಗೆ ಈ ದೀಪದ ಭಾಷೆ ಹೊಸದಲ್ಲ.

ಇಂಥ ಕಾರು ಕೊಳ್ಳುವ ಮನಸ್ಸಿರುವವರು, ಇಲ್ಲಿರಲಿ, ಬರ್ಮಿಂಗ್‌ಹ್ಯಾಮ್‌ನಲ್ಲೋ ನ್ಯೂಜೆರ್ಸಿಯಲ್ಲೋ ಇರಲಿ, ಆ ವರ್ಷದ ಮತ್ತು ಆ ಮಾರುಕಟ್ಟೆಯ ವರ್ಕ್‌ಶಾಪ್ ಕೈಪಿಡಿಯನ್ನು ಮೊದಲು ಕೊಳ್ಳಿ. ಕೊನೆಯ ಪುಟಗಳ ವೈರಿಂಗ್ ನಕ್ಷೆ ಅದರಲ್ಲಿ ಇದೆಯೇ ನೋಡಿ. ಕಾರು ನೋಡಲು ಹೋದಾಗ ಎಂಜಿನ್ ಸ್ಟಾರ್ಟ್ ಮಾಡುವ ಮೊದಲು ಕೀಯನ್ನು ಇಗ್ನಿಷನ್‌ವರೆಗೆ ಮಾತ್ರ ತಿರುಗಿಸಿ ನಿಲ್ಲಿಸಿ. ಆಗ ಕೆಂಪು ದೀಪ ಹೊತ್ತಲೇಬೇಕು. ಹೊತ್ತದಿದ್ದರೆ ಬಲ್ಬು ಸುಟ್ಟಿರಬಹುದು, ವೈರು ಕಡಿದಿರಬಹುದು, ಚಾರ್ಜಿಂಗ್ ತೊಂದರೆಯನ್ನು ಮುಚ್ಚಲು ಯಾರಾದರೂ ಬಲ್ಬನ್ನೇ ತೆಗೆದಿಟ್ಟಿರಲೂಬಹುದು. ಕಾರಣ ಯಾವುದೆಂದು ತಿಳಿಯುವವರೆಗೆ ಬೆಲೆಯ ಮಾತು ಆಡಬೇಡಿ.