ಮೂರು ಆನೆ, ಒಂದು ವರಹ: ಹಿರಿಯರಿಂದ ಬಂದ ನಾಣ್ಯದ ಗುರುತು ಹಿಡಿಯುವುದು ಹೇಗೆ?

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಯ ಹಳೇ ಮನೆಗಳಲ್ಲಿ ದೇವರ ಜಗಲಿಯ ಡಬ್ಬಿಯಲ್ಲೋ ಅಜ್ಜಿಯ ಸರದಲ್ಲೋ ಒಂದು ಹಳೆಯ ನಾಣ್ಯ ಇರುವುದು ಅಪರೂಪವೇನಲ್ಲ. ಮನೆ ಪಾಲಾಗುವ ಹೊತ್ತಿಗೆ ಅದು ಯಾವ ಕಾಲದ್ದು, ಅಸಲಿಯೋ ನಕಲಿಯೋ ಎಂಬ ಪ್ರಶ್ನೆ ಏಳುತ್ತದೆ. ಎಲ್ಲರೂ ಮೊದಲು ಕೇಳುವುದು ಬೆಲೆಯನ್ನೇ. ಆದರೆ ಗುರುತು ಸಿಗದೆ ಬೆಲೆ ಕಟ್ಟಲು ಬಾರದು.

ಈ ನೆಲ ಹಲವು ಆಳ್ವಿಕೆ ಕಂಡಿದೆ. ವಿಜಯನಗರದ ನಂತರ ಬಂದವರಲ್ಲಿ ಹೈದರ್, ಟಿಪ್ಪು, ನಿಜಾಮರಿದ್ದರು. 1800ರಲ್ಲಿ ನಿಜಾಮ ಬಿಟ್ಟುಕೊಟ್ಟ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಬಂತು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ. ಹೀಗಾಗಿ ಒಂದೇ ಡಬ್ಬಿಯಲ್ಲಿ ನಾಲ್ಕು ಸರ್ಕಾರಗಳ ದುಡ್ಡು ಸಿಕ್ಕರೂ ಅಚ್ಚರಿಯಿಲ್ಲ.

ಯಾರ ಆನೆ?

ಆನೆಯ ಚಿತ್ರವಿರುವ ತಾಮ್ರದ ಕಾಸನ್ನೇ ನೋಡಿ. ಎರಡನೇ ದೇವರಾಯನ ಕಾಸಿನಲ್ಲಿ ಆನೆಯಿದೆ, ಟಿಪ್ಪುವಿನ ಪೈಸೆಯಲ್ಲೂ ಇದೆ, ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸಿನಲ್ಲೂ ಇದೆ. ಒಡೆಯರ ಆನೆಯ ಮೇಲೆ ಸೂರ್ಯ ಚಂದ್ರರ ನಡುವೆ ‘ಶ್ರೀ’ ಕಾಣುತ್ತದೆ. ಟಿಪ್ಪುವಿನದಾದರೆ ಹಿಂಬದಿಯಲ್ಲಿ ಟಂಕಸಾಲೆಯ ಹೆಸರು ಪಾರ್ಸಿಯಲ್ಲಿರುತ್ತದೆ. 1787ರಿಂದ ಅವನು ಬಳಸಿದ ಮೌಲೂದಿ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. 1216 ಎಂಬ ವರ್ಷ ನಮ್ಮ ಕಣ್ಣಿಗೆ 6121 ಎಂದು ಕಾಣುತ್ತದೆ. ಅಂದರೆ ಆನೆಯೊಂದನ್ನೇ ನೋಡಿ ಕಾಲ ಹೇಳಲಾಗದು, ಲಿಪಿಯನ್ನೂ ಓದಬೇಕು.

ಪಾಯೆಸ್ ಕಂಡ ವರಹ

ಚಿನ್ನದ ವರಹದ ತೂಕ ಸುಮಾರು 3.4 ಗ್ರಾಂ, ಅರ್ಧ ವರಹದ್ದು ಅದರ ಅರ್ಧ. ಹಂಪಿಗೆ 1520ರ ಸುಮಾರಿಗೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸ್ ಈ ನಾಣ್ಯವನ್ನು ಗಮನವಿಟ್ಟು ನೋಡಿದ್ದ. ಒಂದು ಬದಿಯಲ್ಲಿ ಎರಡು ಮೂರ್ತಿ, ಇನ್ನೊಂದು ಬದಿಯಲ್ಲಿ ರಾಜನ ಹೆಸರು. ಈಗಿನ ರಾಜ ಹೊಡೆಸಿದ್ದರಲ್ಲಿ ಮಾತ್ರ ಒಂದೇ ಮೂರ್ತಿ ಎಂದು ಬರೆದಿಟ್ಟ. ಕೃಷ್ಣದೇವರಾಯನ ವರಹದಲ್ಲಿ ಇಂದಿಗೂ ಕಾಣುವುದು ಅದೇ: ಒಂಟಿಯಾಗಿ ಕುಳಿತ ಬಾಲಕೃಷ್ಣ, ಹಿಂಬದಿಯಲ್ಲಿ ನಾಗರಿಯ ‘ಶ್ರೀ ಪ್ರತಾಪ ಕೃಷ್ಣರಾಯ’. ಅಚ್ಯುತರಾಯನ ನಾಣ್ಯದಲ್ಲಿ ಗಂಡಭೇರುಂಡ ಬಂತು. ಒಬ್ಬ ರಾಜನ ಹೆಸರಿನ ಜೊತೆ ಇನ್ನೊಬ್ಬನ ಚಿತ್ರ ಬಂದಿದ್ದರೆ ಅಲ್ಲೇ ಅನುಮಾನ ಪಡಬೇಕು.

ಮೋಸದ ಜಾಗಗಳು

ರಾಮ, ಸೀತೆ, ಹನುಮಂತರ ಚಿತ್ರದ ಜೊತೆ ‘1818’, ‘ಒಂದು ಆಣೆ’ ಎಂದಿರುವ ತುಂಡುಗಳು ಸಂತೆಯಲ್ಲಿ ಧಾರಾಳ. ಕಂಪನಿ ಅಂಥ ನಾಣ್ಯ ಹೊಡೆಸಿಯೇ ಇಲ್ಲ. ಹಾಗೆಂದು ದೇವರ ಚಿತ್ರವಿದ್ದ ಮಾತ್ರಕ್ಕೆ ನಕಲಿಯೂ ಅಲ್ಲ: ಒಂದು ಬದಿ ಗೋಪುರ, ಮತ್ತೊಂದು ಬದಿ ವಿಷ್ಣು ಇರುವ ನಾಣ್ಯಗಳನ್ನು ಮದ್ರಾಸಿನಲ್ಲಿ ಕಂಪನಿಯೇ ಹೊಡೆಸಿತ್ತು. ಪೂಜೆಗೆಂದು ಮಾಡಿದ ರಾಮಟಂಕಗಳು ಬೇರೆಯೇ. ಅವುಗಳಲ್ಲಿ ಹಳೆಯವೂ ಇವೆ, ಆದರೆ ಅವು ಚಲಾವಣೆಯ ಹಣವಲ್ಲ.

ಅಚ್ಚಿನಿಂದ ಹೊಡೆದ ನಾಣ್ಯದ ಗೆರೆ ಚೂಪಾಗಿರುತ್ತದೆ. ಎರಕ ಹೊಯ್ದ ನಕಲಿಯ ಅಂಚಿನಲ್ಲಿ ಜೋಡಣೆಯ ಗೆರೆ, ಮೈಮೇಲೆ ಸೂಜಿಮೊನೆಯಂಥ ತೂತುಗಳು ಭೂತಗನ್ನಡಿಯಲ್ಲಿ ಕಾಣುತ್ತವೆ. ಚಿನ್ನ, ಬೆಳ್ಳಿ, ತಾಮ್ರ ಅಯಸ್ಕಾಂತಕ್ಕೆ ಅಂಟುವುದಿಲ್ಲ. ದಯವಿಟ್ಟು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬೇಡಿ. ಅಕ್ಷರ ಸವೆದರೆ ಗುರುತೂ ಹೋಗುತ್ತದೆ. ಒರೆಗಲ್ಲಿಗೆ ಉಜ್ಜಿಸುವುದೂ ಬೇಡ, ಗೀರು ಬೀಳದಂತೆ ಲೋಹ ಪರೀಕ್ಷಿಸುವ ಎಕ್ಸ್‌ರೇ ಯಂತ್ರಗಳಿವೆ. ಹೋಲಿಸಿ ನೋಡಲು ಕಮಲಾಪುರದ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿ ವಿಜಯನಗರದ ನಾಣ್ಯಗಳಿವೆ.

ಹಳೆ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆಂದು ತನ್ನ ಹೆಸರಿನಲ್ಲಿ ಶುಲ್ಕ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ. ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ. 1972ರ ಕಾಯ್ದೆ ಅದನ್ನು ತಡೆಯುತ್ತದೆ. ಹೊಲ ಉಳುವಾಗ ಸಿಕ್ಕಿದ್ದಕ್ಕೆ 1962ರ ಕರ್ನಾಟಕ ನಿಧಿ ಕಾಯ್ದೆ ಬೇರೆಯೇ ಇದೆ.

ಎಲ್ಲಕ್ಕಿಂತ ಮುಖ್ಯ, ನಾಣ್ಯ ಬಂದ ದಾರಿ. 1947ರಲ್ಲಿ ಮಾರ್ಟಿಮರ್ ವೀಲರ್ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗೆದಾಗ ಸಿಕ್ಕ ರೋಮನ್ ಚಕ್ರವರ್ತಿ ಟೈಬೀರಿಯಸನ ಬೆಳ್ಳಿ ನಾಣ್ಯ ಅಲ್ಲಿನ ಮಣ್ಣಿನ ಪದರದ ಕಾಲ ಹೇಳಲು ನೆರವಾಯಿತು. ಅದು ಎಲ್ಲಿ, ಯಾವ ಪದರದಲ್ಲಿತ್ತು ಎಂಬುದು ದಾಖಲಾಗಿದ್ದರಿಂದಲೇ ಅದು ಸಾಧ್ಯವಾಯಿತು. ಮನೆಯ ನಾಣ್ಯಕ್ಕೂ ಈ ಮಾತು ಸಲ್ಲುತ್ತದೆ. ಯಾರಿಂದ ಬಂತು, ಯಾವ ಊರಿನದು, ಅಜ್ಜ ಏನು ಹೇಳುತ್ತಿದ್ದರು ಎಂಬುದನ್ನು ಹಿರಿಯರು ಇರುವಾಗಲೇ ಕೇಳಿ ಬರೆದು, ಎರಡೂ ಬದಿಯ ಫೋಟೊ ಜೊತೆ ಇಡಿ. ನಾಣ್ಯದ ಮೇಲಿನ ಬರಹವನ್ನು ವಿದ್ವಾಂಸರು ಎಂದಾದರೂ ಓದಿಯಾರು. ಈ ವಿವರವನ್ನು ಬರೆದಿಡಬಲ್ಲವರು ಮನೆಯವರು ಮಾತ್ರ.