ಬಾಲವಿಲ್ಲದ ಇಲಿಗೆ ಚಾರ್ಜ್ ಆಗದಿದ್ದರೆ

ಈಗ ಊರೂರಿಗೂ ಕಂಪ್ಯೂಟರ್ ಬಂದಿದೆ. ಪಂಚಾಯಿತಿ ಕಚೇರಿಯಲ್ಲಿ ಇದೆ. ಶಾಲೆಯಲ್ಲಿ ಇದೆ. ಅನೇಕ ಊರುಗಳ ಗ್ರಂಥಾಲಯದಲ್ಲೂ ಇದೆ. ಅರ್ಜಿ ಹಾಕಬೇಕೆ? ಪಹಣಿ ತೆಗೆಯಬೇಕೆ? ಸಂಘದ ಲೆಕ್ಕ ಬರೆಯಬೇಕೆ? ಎಲ್ಲದಕ್ಕೂ ಕಂಪ್ಯೂಟರ್ ಬೇಕು.

ಕಂಪ್ಯೂಟರಿನ ಪಕ್ಕದಲ್ಲಿ ಅಂಗೈಯಗಲದ ಒಂದು ಸಾಧನ ಇರುತ್ತದೆ. ಅದೇ ಮೌಸ್. ಮೌಸ್ ಅಂದರೆ ಇಲಿ. ಅಮೆರಿಕದ ಡಗ್ಲಸ್ ಎಂಗೆಲ್‌ಬಾರ್ಟ್ ಮತ್ತು ಬಿಲ್ ಇಂಗ್ಲಿಷ್ ಎಂಬವರು 1964ರಲ್ಲಿ ಮೊದಲ ಮೌಸ್ ಮಾಡಿದರು. ಅದು ಮರದ ಪುಟ್ಟ ಪೆಟ್ಟಿಗೆ. ಬಾಲದ ಹಾಗೆ ಒಂದು ವಯರು. ನೋಡಲು ಇಲಿಯೇ!

ಈಗ ವಯರಿಲ್ಲದ ಮೌಸ್ ಕೂಡ ಬಂದಿದೆ. ಬಾಲವಿಲ್ಲದ ಇಲಿ. ಅದರ ಹೊಟ್ಟೆಯಲ್ಲಿ ಬ್ಯಾಟರಿ ಇರುತ್ತದೆ. ಆಗಾಗ ಚಾರ್ಜ್ ಮಾಡಬೇಕು.

ಒಂದು ದಿನ ಅದು ಅಲುಗಾಡುವುದೇ ಇಲ್ಲ. ಚಾರ್ಜಿಗೆ ಹಾಕಿದರೂ ಏಳುವುದಿಲ್ಲ. ಅರ್ಜಿ ಹಾಕಲು ಅವತ್ತೇ ಕೊನೆಯ ದಿನ! "ಕೆಟ್ಟುಹೋಯ್ತು, ಹೊಸದು ತರಬೇಕು" ಅಂತಾರೆ ಒಬ್ಬರು. "ನಮಗೆ ಇದೆಲ್ಲ ಎಲ್ಲಿ ತಿಳೀತದೆ?" ಅಂತಾರೆ ಇನ್ನೊಬ್ಬರು.

ಅವಸರ ಬೇಡ. ಮೊದಲು ವಯರಿರುವ ಮೌಸ್ ಒಂದನ್ನು ತಂದು ಸಿಕ್ಕಿಸಿ. ಅರ್ಜಿಯ ಕೆಲಸ ಮುಗಿಸಿ. ಆಮೇಲೆ ಈ ಇಲಿಯ ಕಡೆ ನೋಡೋಣ.

ನೀರು ಎಲ್ಲಿ ನಿಂತಿದೆ?

ಹೊಲಕ್ಕೆ ನೀರು ಬರಲಿಲ್ಲ ಅನ್ನಿ. ನಾವು ಏನು ಮಾಡುತ್ತೇವೆ? ಕಾಲುವೆಯ ಉದ್ದಕ್ಕೂ ನಡೆದು ನೋಡುತ್ತೇವೆ. ತೂಬು ತೆರೆದಿದೆಯೇ? ಏರಿ ಒಡೆದಿದೆಯೇ? ಕಸ ಕಟ್ಟಿದೆಯೇ? ಕರೆಂಟೂ ಹಾಗೆಯೇ. ಅದು ಬರುವ ದಾರಿಯಲ್ಲಿ ಒಂದೊಂದೇ ಜಾಗ ನೋಡಬೇಕು.

1. ಮೌಸ್ ನೋಡಿ

ಮೌಸನ್ನು ಮಗುಚಿ ಹಾಕಿ. ಅನೇಕ ಮೌಸುಗಳ ಕೆಳಗೆ ಒಂದು ಪುಟ್ಟ ಸ್ವಿಚ್ಚು ಇರುತ್ತದೆ. ಅದು ಆಫ್ ಆಗಿದ್ದರೆ ಆನ್ ಮಾಡಿ. ಇನ್ನು ಕೆಲವು ಮೌಸುಗಳಿಗೆ ಉಗುರಿನಷ್ಟು ಒಂದು ಚೂರು ಬರುತ್ತದೆ. ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿರಬೇಕು. ಅದು ಕಳಚಿದ್ದರೆ ಚಾರ್ಜ್ ಇದ್ದರೂ ಮೌಸ್ ಕೆಲಸ ಮಾಡುವುದಿಲ್ಲ.

2. ಕರೆಂಟು ಬರುವ ಜಾಗ ನೋಡಿ

ಮೌಸಿನ ವಯರನ್ನು ಕಂಪ್ಯೂಟರಿಗೆ ಚುಚ್ಚಿ, ಕಂಪ್ಯೂಟರ್ ಆರಿಸಿ ಮನೆಗೆ ಹೋಗುವವರು ಇದ್ದಾರೆ. ರಾತ್ರಿಯೆಲ್ಲ ಚಾರ್ಜ್ ಆಯಿತು ಅಂದುಕೊಳ್ತಾರೆ. ಆದರೆ ಹಲವು ಕಂಪ್ಯೂಟರುಗಳು ಆರಿದ ಮೇಲೆ ಕರೆಂಟು ಕೊಡುವುದಿಲ್ಲ. ಕಂಪ್ಯೂಟರ್ ಚಾಲೂ ಇರುವಾಗಲೇ ಚಾರ್ಜ್ ಮಾಡಿ. ಒಂದು ತೂತಿನಲ್ಲಿ ಆಗದಿದ್ದರೆ ಪಕ್ಕದ ತೂತಿಗೆ ಹಾಕಿ ನೋಡಿ.

3. ವಯರು ನೋಡಿ

ಹೆಚ್ಚು ಸಲ ತಪ್ಪು ಇರೋದು ವಯರಿನಲ್ಲೇ. ಮಡಚಿ ಮಡಚಿ ಒಳಗಿನ ತಂತಿ ತುಂಡಾಗಿರುತ್ತದೆ. ಹೊರಗೆ ಕಾಣುವುದಿಲ್ಲ. ಅದೇ ವಯರಿನಿಂದ ಒಂದು ಮೊಬೈಲ್ ಚಾರ್ಜ್ ಮಾಡಿ ನೋಡಿ. ಮೊಬೈಲಿಗೂ ಆಗದಿದ್ದರೆ ಬೇರೆ ವಯರು ಹಾಕಿ.

ಮೊಬೈಲಿಗೆ ಆಗ್ತದೆ, ಮೌಸಿಗೆ ಆಗೋದಿಲ್ಲ. ಹೀಗೂ ಉಂಟು. ಆಗ ವಯರಿನ ಎರಡೂ ತುದಿ ನೋಡಿ. ಎರಡೂ ತುದಿ ಒಂದೇ ತರಹ ಸಣ್ಣದಾಗಿ, ಉರುಟಾಗಿ ಇವೆಯೇ? ಅದು ಟೈಪ್ ಸಿ ವಯರು. ಕೆಲವು ಅಗ್ಗದ ಮೌಸುಗಳು ಇಂಥ ವಯರಿನಿಂದ ಚಾರ್ಜ್ ಆಗುವುದಿಲ್ಲ. ಒಂದು ತುದಿ ಅಗಲವಾಗಿ, ಚಪ್ಪಟೆಯಾಗಿ ಇರುವ ವಯರು ಹಾಕಿ. ಮೌಸ್ ಎದ್ದೀತು.

4. ತೂತು ನೋಡಿ

ಚಾರ್ಜಿನ ತೂತಿನಲ್ಲಿ ದೂಳು, ಬಟ್ಟೆಯ ನೂಲು ಸೇರುತ್ತದೆ. ಆಗ ಪಿನ್ನು ಪೂರ್ತಿ ಒಳಗೆ ಹೋಗುವುದಿಲ್ಲ. ವಯರು ತೆಗೆಯಿರಿ. ಮೌಸ್ ಆಫ್ ಮಾಡಿ. ಒಣಗಿದ ತೆಳ್ಳನೆ ಮರದ ಕಡ್ಡಿಯಿಂದ ಮೆಲ್ಲಗೆ ಕಸ ತೆಗೆಯಿರಿ. ಸೂಜಿ ಬೇಡ. ನೀರು ಬೇಡ.

5. ಬ್ಯಾಟರಿ ನೋಡಿ

ಕೆಲವು ಮೌಸುಗಳಲ್ಲಿ ಸೆಲ್ಲು ಹೊರಗೆ ತೆಗೆಯಬಹುದು. ಇಲ್ಲಿ ನೀವು ಕಲಿತ ಅಂಕಿ ಉಪಯೋಗಕ್ಕೆ ಬರ್ತದೆ. ಸೆಲ್ಲಿನ ಮೇಲಿನ ಅಂಕಿ ಓದಿ. 1.2 ವೋಲ್ಟ್ ಅಂತ ಇದ್ದರೆ ಅದು ಮತ್ತೆ ಮತ್ತೆ ಚಾರ್ಜ್ ಮಾಡುವ ಸೆಲ್ಲು. 1.5 ಅಂತ ಇದ್ದರೆ ಸಾಮಾನ್ಯವಾಗಿ ಒಂದೇ ಸಲ ಬಳಸುವ ಸೆಲ್ಲು. ಅದು ಮುಗಿದರೆ ಬದಲಾಯಿಸಬೇಕು. ಅದನ್ನು ಚಾರ್ಜಿಗೆ ಹಾಕಬೇಡಿ. ಸೋರಬಹುದು, ಸಿಡಿಯಲೂಬಹುದು.

ಇನ್ನು ಕೆಲವು ಮೌಸುಗಳಲ್ಲಿ ಬ್ಯಾಟರಿ ಒಳಗೇ ಇರುತ್ತದೆ. ಅದು ಹೆಚ್ಚಾಗಿ ಲಿಥಿಯಂ ಬ್ಯಾಟರಿ. ತಿಂಗಳುಗಟ್ಟಲೆ ಬಳಸದೆ ಇಟ್ಟರೆ ಅದು ಪೂರ್ತಿ ಬರಿದಾಗುತ್ತದೆ. ಆಗ ಚಾರ್ಜಿಗೆ ಹಾಕಿದ ಕೂಡಲೇ ದೀಪ ಹತ್ತದೇ ಇರಬಹುದು. ಒಂದು ಗಂಟೆ ಹಾಗೆಯೇ ಬಿಟ್ಟು ನೋಡಿ. ಬ್ಯಾಟರಿಗೂ ವಯಸ್ಸಾಗ್ತದೆ. ನೂರಾರು ಸಲ ಚಾರ್ಜ್ ಆದ ಮೇಲೆ ಅದರ ಶಕ್ತಿ ಕುಗ್ಗುತ್ತದೆ. ಅದು ಯಾರ ತಪ್ಪೂ ಅಲ್ಲ.

ಇಲ್ಲಿ ಎಚ್ಚರ!

ಮೌಸ್ ಉಬ್ಬಿದೆಯೇ? ಮುಟ್ಟಿದರೆ ಸುಡುತ್ತದೆಯೇ? ಏನಾದರೂ ವಾಸನೆ ಬರುತ್ತದೆಯೇ? ತಕ್ಷಣ ಚಾರ್ಜ್ ನಿಲ್ಲಿಸಿ. ಅದನ್ನು ಬಿಚ್ಚಬೇಡಿ. ಚುಚ್ಚಬೇಡಿ. ಒಲೆಗೆ ಹಾಕಬೇಡಿ. ಮಕ್ಕಳ ಕೈಗೆ ಕೊಡಬೇಡಿ. ಲಿಥಿಯಂ ಬ್ಯಾಟರಿಗೆ ಪೆಟ್ಟಾದರೆ ಬೆಂಕಿ ಹೊತ್ತಿಕೊಳ್ಳಬಹುದು.

ಹಳೆಯ ಬ್ಯಾಟರಿಯನ್ನು ತಿಪ್ಪೆಗೂ ಎಸೆಯಬಾರದು. ಅದರ ವಿಷ ಮಣ್ಣಿಗೆ, ನೀರಿಗೆ ಸೇರುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸುವ ಹೊಣೆ ತಯಾರಕರದು. ಎಲ್ಲಿ ಕೊಡಬೇಕು ಅಂತ ಅಂಗಡಿಯಲ್ಲಿ, ಪಂಚಾಯಿತಿಯಲ್ಲಿ ಕೇಳಿ.

ರಸೀದಿ ಎಲ್ಲಿದೆ?

ಐದೂ ಜಾಗ ನೋಡಿದ್ದಾಯಿತು. ಆದರೂ ಚಾರ್ಜ್ ಆಗಲಿಲ್ಲ. ಆಗ ಮೌಸ್ ಕೆಟ್ಟಿದೆ ಅನ್ನಬಹುದು. ಕೂಡಲೇ ದುಡ್ಡು ಬಿಚ್ಚಬೇಡಿ. ರಸೀದಿ ಹುಡುಕಿ, ತಾರೀಖು ಓದಿ. ಗ್ಯಾರಂಟಿಯ ಅವಧಿ ಮುಗಿದಿಲ್ಲವೇ? ಹಾಗಾದರೆ ಅಂಗಡಿಗೆ ಒಯ್ದು ಕೇಳಿ. ಅವರು ಕಿವಿಗೆ ಹಾಕಿಕೊಳ್ಳದಿದ್ದರೆ 1915ಕ್ಕೆ ಫೋನು ಮಾಡಿ. ಅದು ಗ್ರಾಹಕರ ಸಹಾಯವಾಣಿ. ಕೇಳುವುದು ನಮ್ಮ ಹಕ್ಕು.

ಇಲಿ ಬಂತು ಅಂತ ಮನೆಗೆ ಬೆಂಕಿ ಹಚ್ಚಿದರು ಅಂತ ಗಾದೆ ಇದೆ. ಒಂದು ವಯರು ತುಂಡಾಗಿದ್ದಕ್ಕೆ ಮೌಸನ್ನೇ ಎಸೆಯುವುದೂ ಹಾಗೆಯೇ. ಯಂತ್ರ ಅಂದರೆ ಹೆದರಬೇಕಾಗಿಲ್ಲ. ಅಂಕಿ ಓದಲು ಬಂದರೆ, ಸಾಲಾಗಿ ನೋಡುವ ತಾಳ್ಮೆ ಇದ್ದರೆ, ಅರ್ಧ ರಿಪೇರಿ ಆದ ಹಾಗೆಯೇ.

ನೆನಪಿಡಿ

ಮೌಸ್, ಕರೆಂಟು, ವಯರು, ತೂತು, ಬ್ಯಾಟರಿ. ಈ ಸಾಲಿನಲ್ಲೇ ನೋಡಿ.
ಉಬ್ಬಿದ ಬ್ಯಾಟರಿಯನ್ನು ಚಾರ್ಜ್ ಮಾಡಬೇಡಿ.
ರಸೀದಿ ಜೋಪಾನ ಮಾಡಿ.

ಹೇಳಿ ನೋಡೋಣ

1. ವಯರು ಸರಿ ಇದೆಯೇ ಅಂತ ತಿಳಿಯುವುದು ಹೇಗೆ?
2. ನಿಮ್ಮ ಮನೆಯ ಟಾರ್ಚಿನ ಸೆಲ್ಲು ತೆಗೆದು ನೋಡಿ. ಅದರ ಮೇಲೆ ಯಾವ ಅಂಕಿ ಇದೆ? ಅದನ್ನು ಚಾರ್ಜ್ ಮಾಡಬಹುದೇ?