ಕರ್ಮವೆಂದರೆ ಹಣೆಬರಹವೆ?

ನಮ್ಮ ವಾಚನಾಲಯದಲ್ಲಿ ಸಂಜೆ ಪತ್ರಿಕೆಗಳನ್ನು ಓದಿ ಮಡಿಸಿಟ್ಟ ಮೇಲೆ ನಾಲ್ಕಾರು ಮಂದಿ ಕುಳಿತು ಮಾತನಾಡುವುದು ವಾಡಿಕೆ. ಊರಿನ ಮಳೆ ಬೆಳೆ, ಕೋಣೆಯ ಬಾಡಿಗೆ, ಹೋಟೆಲಿನ ಊಟದ ದರ, ತಡವಾದ ಬಟವಾಡೆ, ಹೀಗೆ ಮಾತು ಎಲ್ಲಿಂದ ಹೊರಟರೂ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: "ಎಲ್ಲಾ ನಮ್ಮ ಕರ್ಮ!" ಹಾಗೆಂದು ಒಬ್ಬರು ನಿಟ್ಟುಸಿರು ಬಿಟ್ಟರೆ ಉಳಿದವರು ತಲೆದೂಗಿ, ಎದ್ದು, ಚಪ್ಪಲಿ ಹುಡುಕಿಕೊಂಡು ಹೊರಡುತ್ತಾರೆ.

ಕಳೆದ ತಿಂಗಳು ಒಬ್ಬ ಸದಸ್ಯರು ಮಾತನ್ನು ಹಾಗೆ ಮುಗಿಯಗೊಡಲಿಲ್ಲ. "ಅಲ್ಲ ಸ್ವಾಮಿ, ಎಲ್ಲವೂ ಕರ್ಮವಾದರೆ ನಾವು ನಸುಕಿನಲ್ಲೆದ್ದು ಪಾಳಿಗೆ ಓಡುವುದೇತಕ್ಕೆ? ಫಲವನ್ನು ಬಯಸಬೇಡವೆಂದು ಗೀತೆ ಹೇಳುತ್ತದಂತೆ. ಹಾಗಿದ್ದರೆ ಬೋನಸ್ಸು ಕೇಳುವುದು ಪಾಪವೆ?" ಎಂದು ಕೇಳಿಯೇ ಬಿಟ್ಟರು. ಎಲ್ಲರೂ ನಕ್ಕರು, ಆದರೆ ಉತ್ತರ ಯಾರಲ್ಲಿಯೂ ಇರಲಿಲ್ಲ. ನಾವು ಪಂಡಿತರಲ್ಲ, ಮೆಟ್ರಿಕ್ಯುಲೇಷನ್ನಿಗೆ ಓದು ನಿಲ್ಲಿಸಿ ಗಿರಣಿಯಲ್ಲಿ ಲೆಕ್ಕ ಬರೆಯುವವರು. ಆದರೂ ಆ ಪ್ರಶ್ನೆ ಮನಸ್ಸನ್ನು ಬಿಡಲಿಲ್ಲವಾಗಿ, ಕಪಾಟಿನ ಪುಸ್ತಕಗಳನ್ನು ತೆಗೆದು ಓದಿ, ತಿಳಿದವರನ್ನು ಕೇಳಿ, ನಮಗೆ ತಿಳಿದಷ್ಟನ್ನು ವಾಚಕರಲ್ಲಿ ಅರಿಕೆ ಮಾಡುತ್ತಿದ್ದೇವೆ.

ಮೂರು ಬಗೆಯ ಕರ್ಮ

ಕರ್ಮವೆಂಬ ಮಾತಿನ ಅರ್ಥ "ಮಾಡುವುದು" ಎಂದಷ್ಟೆ. ಕರ್ತ, ಕಾರ್ಯ, ಕಾರಣ ಎಂಬ ಮಾತುಗಳೂ ಅದೇ ಧಾತುವಿನಿಂದ ಬಂದವು. ಹಣೆಬರಹವೆಂದರೆ ಬೇರೆ ಯಾರೋ ನಮ್ಮ ಹಣೆಯ ಮೇಲೆ ಬರೆದದ್ದು. ಕರ್ಮವೆಂದರೆ ನಾವೇ ಕೈಯಾರೆ ಮಾಡಿದ್ದು. ಎರಡಕ್ಕೂ ಅಜಗಜಾಂತರ. ಆದರೆ ದಿನಬಳಕೆಯಲ್ಲಿ ನಾವು ಎರಡನ್ನೂ ಒಂದೇ ಮಾಡಿಬಿಟ್ಟಿದ್ದೇವೆ.

ವೇದಾಂತಿಗಳು ಕರ್ಮವನ್ನು ಸಂಚಿತ, ಪ್ರಾರಬ್ಧ, ಆಗಾಮಿ ಎಂದು ಮೂರಾಗಿ ವಿಂಗಡಿಸುತ್ತಾರೆ. ಇದಕ್ಕೆ ಬಿಲ್ಲುಗಾರನ ಹಳೆಯ ದೃಷ್ಟಾಂತವೊಂದಿದೆ. ಬತ್ತಳಿಕೆಯಲ್ಲಿ ತುಂಬಿರುವ ಬಾಣಗಳು ಸಂಚಿತ. ಬಿಲ್ಲಿನಿಂದ ಹೊರಟುಹೋದ ಬಾಣ ಪ್ರಾರಬ್ಧ. ಈಗ ಹೆದೆಗೇರಿಸುತ್ತಿರುವ ಬಾಣ ಆಗಾಮಿ. ಹೊರಟ ಬಾಣವನ್ನು ಹಿಂದಕ್ಕೆ ಕರೆಯಲಾಗದು. ಕೈಯಲ್ಲಿರುವ ಬಾಣವನ್ನು ಎತ್ತ ಬಿಡಬೇಕು, ಬಿಡಬೇಕೋ ಬೇಡವೋ ಎಂಬುದು ಮಾತ್ರ ಬಿಲ್ಲುಗಾರನಿಗೇ ಸೇರಿದ್ದು.

ನಮ್ಮಂಥ ಗುಮಾಸ್ತರಿಗೆ ಲೆಕ್ಕದ ಪುಸ್ತಕದ ಹೋಲಿಕೆ ಇನ್ನೂ ಸುಲಭ. ಹಿಂದಿನ ವರ್ಷಗಳ ಖಾತೆಗಳ ರಾಶಿ ಸಂಚಿತ. ಅದರಿಂದ ಈ ವರ್ಷದ ಪುಸ್ತಕದ ಮೊದಲ ಸಾಲಿಗೆ ಇಳಿದುಬಂದ ಆರಂಭ ಶಿಲ್ಕು ಪ್ರಾರಬ್ಧ. ಇಂದು ನಾವು ಬರೆಯುತ್ತಿರುವ ಜಮಾ ಖರ್ಚು ಆಗಾಮಿ. ಆರಂಭ ಶಿಲ್ಕನ್ನು ತಿದ್ದುವ ಅಧಿಕಾರ ಯಾವ ಗುಮಾಸ್ತನಿಗೂ ಇಲ್ಲ. ಆದರೆ ಶಿಲ್ಕು ಕಡಿಮೆಯಾಯಿತೆಂದು ಮುನಿಸಿಕೊಂಡು ಪುಸ್ತಕವನ್ನೇ ಬರೆಯದೆ ಕೂರುವ ಗುಮಾಸ್ತನನ್ನು ಯಾವ ಕಚೇರಿಯಾದರೂ ಇಟ್ಟುಕೊಂಡೀತೆ? "ಎಲ್ಲಾ ಕರ್ಮ" ಎಂದು ಕೈಚೆಲ್ಲುವವನು ಮೊದಲ ಸಾಲನ್ನೇ ಇಡೀ ಪುಸ್ತಕವೆಂದು ತಿಳಿದವನು.

ಐದು ಕಾರಣಗಳು

ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಒಂದು ವಿಚಾರ ಬರುತ್ತದೆ. ಕೆಲಸ ಮಾಡುವವರೆಲ್ಲರೂ ಇದನ್ನು ಒಮ್ಮೆಯಾದರೂ ಯೋಚಿಸಬೇಕು. ಒಳ್ಳೆಯದಾಗಲಿ ಕೆಟ್ಟದಾಗಲಿ, ಯಾವ ಕೆಲಸ ನಡೆಯಬೇಕಾದರೂ ಐದು ಕಾರಣಗಳು ಸೇರಬೇಕೆಂದು ಅಲ್ಲಿ ಹೇಳಿದೆ: ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ. ಅಧಿಷ್ಠಾನವೆಂದರೆ ಕೆಲಸಕ್ಕೆ ಆಧಾರವಾದ ನೆಲೆ. ಭಾಷ್ಯಕಾರರು ಇದನ್ನು ಶರೀರವೆಂದು ಹೇಳುತ್ತಾರೆ. ಕರ್ತೃ ಎಂದರೆ ಮಾಡುವವನು. ಕರಣವೆಂದರೆ ಸಾಧನ, ಎಂದರೆ ಕಣ್ಣು ಕೈ ಮೊದಲಾದ ಇಂದ್ರಿಯಗಳು. ಚೇಷ್ಟೆಯೆಂದರೆ ನಾನಾ ಬಗೆಯ ಪ್ರಯತ್ನ. ಕಟ್ಟಕಡೆಯದು ದೈವ, ಅಂದರೆ ನಮ್ಮ ಕೈಗೂ ಕಣ್ಣಿಗೂ ಸಿಕ್ಕದೆ ಉಳಿದದ್ದು.

ಇದನ್ನು ಮಗ್ಗಕ್ಕೆ ಹೊಂದಿಸಿ ನೋಡೋಣ. ಒಂದು ಗಜ ಬಟ್ಟೆ ಲೋಪವಿಲ್ಲದೆ ಬರಬೇಕಾದರೆ ನೆಲೆ ಭದ್ರವಾಗಿರಬೇಕು, ನೇಯುವವನಿಗೆ ಕೆಲಸ ತಿಳಿದಿರಬೇಕು, ಯಂತ್ರವೂ ನೂಲೂ ಸರಿಯಾಗಿರಬೇಕು, ಹಾಸುಹೊಕ್ಕಿನ ಮೇಲೆ ಗಮನವಿಟ್ಟು ಶ್ರಮಿಸಬೇಕು. ಇಷ್ಟೆಲ್ಲ ಇದ್ದೂ ಒಮ್ಮೊಮ್ಮೆ ಎಳೆ ಕಡಿಯುತ್ತದೆ. ಅದು ಐದನೆಯದಕ್ಕೆ ಸೇರಿದ್ದು. ಇಲ್ಲಿ ಗಮನಿಸಬೇಕಾದದ್ದು ಎರಡು. ಬಟ್ಟೆ ಚೆನ್ನಾಗಿ ಬಂದರೆ "ನಾನೇ ಮಾಡಿದೆ" ಎಂದು ಬೀಗುವಂತಿಲ್ಲ, ಏಕೆಂದರೆ ಐದರಲ್ಲಿ ನಾನು ಒಬ್ಬ ಮಾತ್ರ. ಕೆಟ್ಟು ಬಂದರೆ "ದೈವ ಮಾಡಿತು" ಎಂದು ಜಾರಿಕೊಳ್ಳುವಂತೆಯೂ ಇಲ್ಲ, ಏಕೆಂದರೆ ದೈವವೂ ಐದರಲ್ಲಿ ಒಂದೇ, ಅದೂ ಕಡೆಯದು.

ಇದನ್ನು ನಾವು ಪುಸ್ತಕದಿಂದ ಮಾತ್ರ ಕಲಿತೆವೆಂದು ಹೇಳಿದರೆ ಸುಳ್ಳಾದೀತು. ಕೆಲವು ವರ್ಷಗಳ ಕೆಳಗೆ ನಾವಿದ್ದ ಗಿರಣಿಯಲ್ಲಿ ರಾಯಚೂರಿನ ಕಡೆಯ ಒಬ್ಬ ಹುಡುಗನ ಬಲಗೈಯ ಎರಡು ಬೆರಳು ಯಂತ್ರಕ್ಕೆ ಸಿಕ್ಕಿ ಹೋದವು. ಆಸ್ಪತ್ರೆಯಿಂದ ಹಿಂತಿರುಗುವಾಗ ಜೊತೆಯಲ್ಲಿದ್ದವರೊಬ್ಬರು "ಪಾಪ, ಅವನ ಕರ್ಮ" ಎಂದರು. ನಾವೂ "ಹೌದು, ಅವನ ಕರ್ಮ" ಎಂದೆವು. ಮರುದಿನ ಮೇಜಿನ ಮೇಲಿನ ಕಾಗದಗಳನ್ನು ಸರಿಪಡಿಸುವಾಗ ಒಂದು ಚೀಟಿ ಸಿಕ್ಕಿತು. ಆ ಯಂತ್ರದ ಹಲ್ಲುಚಕ್ರದ ಮುಚ್ಚಳ ಕಳಚಿಹೋಗಿದೆ, ಹೊಸದು ಬೇಕು ಎಂದು ಮೇಸ್ತ್ರಿ ಬರೆದು ಕೊಟ್ಟಿದ್ದ ಚೀಟಿ ಅದು. ಬೇರೆ ಕಾಗದಗಳ ಕೆಳಗೆ ಸಿಕ್ಕಿ ಎಂಟು ದಿನ ನಮ್ಮ ಮೇಜಿನ ಮೇಲೆಯೇ ಬಿದ್ದಿತ್ತು. ಬೆರಳು ಹೋದದ್ದು ಅವನದು, ಕರ್ಮ ನಮ್ಮದು. ಚೀಟಿಯನ್ನು ಮುಂದಕ್ಕೆ ಕಳುಹಿಸಿದ್ದರೂ ಮುಚ್ಚಳ ಸಕಾಲಕ್ಕೆ ಬರುತ್ತಿತ್ತೋ ಇಲ್ಲವೋ, ಅದು ಬೇರೆ ಮಾತು. ಕಳುಹಿಸುವುದು ನಮ್ಮ ಪಾಲಿನ ಕೆಲಸವಾಗಿತ್ತು, ಮಾಡಲಿಲ್ಲ. ಮಾಡದೆ ಇದ್ದುದಕ್ಕೆ ಅವನ ಹಿಂದಿನ ಜನ್ಮವನ್ನು ದೂರಿದೆವು.

ಅಂದಿನಿಂದ ನಮಗೆ ಒಂದು ನಿಶ್ಚಯವಾಗಿದೆ. ಕರ್ಮವೆಂಬುದು ಅವರವರು ತಮ್ಮ ತಮ್ಮ ಖಾತೆಯನ್ನು ನೋಡಿಕೊಳ್ಳುವುದಕ್ಕೆ ಇರುವ ಮಾತು. ಇನ್ನೊಬ್ಬರ ಕಷ್ಟವನ್ನು ಕಂಡಾಗ ಅದನ್ನು ಬಾಯಿಗೆ ತರಬಾರದು.

ಪೆರಂಬೂರಿನ ಒಂದು ಸಂಗತಿ

ಈ ಚೆನ್ನೈ ಪಟ್ಟಣದಲ್ಲಿಯೇ ಇದಕ್ಕೊಂದು ದೊಡ್ಡ ನಿದರ್ಶನವಿದೆ. ಪೆರಂಬೂರಿನ ಬಕಿಂಗ್‌ಹ್ಯಾಂ ಮತ್ತು ಕರ್ನಾಟಿಕ್ ಗಿರಣಿಗಳ ಹೆಸರನ್ನು ಹಳಬರೆಲ್ಲ ಬಲ್ಲರು; 1996ರಲ್ಲಿ ಅವು ಮುಚ್ಚಿದವು. 1918ರ ಸುಮಾರಿನಲ್ಲಿ ಅಲ್ಲಿ ಸಾವಿರಾರು ಮಂದಿ ದುಡಿಯುತ್ತಿದ್ದರು. ಮಧ್ಯಾಹ್ನದ ಊಟಕ್ಕೆ ಇದ್ದ ಬಿಡುವು ಅರ್ಧ ಗಂಟೆ. ಅಷ್ಟರೊಳಗೆ ಹೊರಗೆ ಬಂದು, ನಾಲ್ಕು ತುತ್ತು ನುಂಗಿ, ಬಾಗಿಲು ಮುಚ್ಚುವ ಮುಂಚೆ ಒಳಗೆ ಓಡಬೇಕು. ಆ ಪ್ರದೇಶದಲ್ಲಿ ಶ್ರೀ ವೆಂಕಟೇಶ ಗುಣಾಮೃತ ವರ್ಷಿಣೀ ಸಭೆಯೆಂಬ ಒಂದು ಭಕ್ತಮಂಡಳಿ ಇತ್ತು. ಸೆಲ್ವಪತಿ ಚೆಟ್ಟಿಯಾರ್, ರಾಮಾನುಜುಲು ನಾಯುಡು ಎಂಬ ಇಬ್ಬರು ವರ್ತಕರು ಅದನ್ನು ನಡೆಸುತ್ತಿದ್ದರು. ಕೆಲಸಗಾರರು ಅಲ್ಲಿಗೆ ಬರುತ್ತಿದ್ದುದು ಹರಿಕಥೆ ಪ್ರವಚನ ಕೇಳುವುದಕ್ಕೆ. ಬಂದವರು ಪ್ರವಚನ ಮುಗಿದ ಮೇಲೆ ತಮ್ಮ ಕಷ್ಟವನ್ನೂ ಹೇಳಿಕೊಂಡರು.

ಆ ವರ್ತಕರು "ನಿಮ್ಮ ಕರ್ಮ, ಅನುಭವಿಸಿ" ಎಂದು ತೀರ್ಥಪ್ರಸಾದ ಕೊಟ್ಟು ಕಳುಹಿಸಬಹುದಾಗಿತ್ತು. ಹಾಗೆ ಮಾಡದೆ, ಅಡ್ಯಾರಿನ ಥಿಯಸಾಫಿಕಲ್ ಸೊಸೈಟಿಯಲ್ಲಿದ್ದ, ಆನಿ ಬೆಸೆಂಟರ ಪತ್ರಿಕೆಯಲ್ಲಿ ಕೆಲಸ ಮಾಡುತ್ತಿದ್ದ ಬಿ. ಪಿ. ವಾಡಿಯಾ ಎಂಬ ಪಾರ್ಸಿ ಗೃಹಸ್ಥರ ಬಳಿಗೆ ಹೋದರು. ವಾಡಿಯಾ ಅವರು ಅನುಸರಿಸಿದ ಥಿಯಸಾಫಿಯಲ್ಲಿ ಕರ್ಮ, ಪುನರ್ಜನ್ಮಗಳೆರಡೂ ಮುಖ್ಯ ತತ್ತ್ವಗಳು. ಕರ್ಮವನ್ನು ನಂಬಿದ ಆ ಮನುಷ್ಯರೇ ಗಿರಣಿಯ ಬಳಿಗೆ ಬಂದು, ಕೆಲಸಗಾರರ ನಡುವೆ ನಿಂತು, 1918ರ ಏಪ್ರಿಲಿನಲ್ಲಿ ಮದರಾಸು ಲೇಬರ್ ಯೂನಿಯನ್ನನ್ನು ಸ್ಥಾಪಿಸಿದರು. ನಮ್ಮ ದೇಶದಲ್ಲಿ ಕ್ರಮಬದ್ಧವಾಗಿ ಕಟ್ಟಿದ ಮೊದಲ ಕಾರ್ಮಿಕ ಸಂಘಗಳಲ್ಲಿ ಅದನ್ನು ಎಣಿಸುತ್ತಾರೆ. ತಮಿಳಿನ ಪ್ರಸಿದ್ಧ ಬರಹಗಾರರಾದ ತಿರು. ವಿ. ಕಲ್ಯಾಣಸುಂದರಂ ಅವರೂ ಅದಕ್ಕೆ ಹೆಗಲು ಕೊಟ್ಟರು.

ಮುಂದೆ ನಡೆದದ್ದೂ ತಿಳಿಯಬೇಕು. 1920ರಲ್ಲಿ ಗಿರಣಿಯ ಆಡಳಿತದವರು ವಾಡಿಯಾ ಮೊದಲಾದವರ ಮೇಲೆ ಮದರಾಸು ಹೈಕೋರ್ಟಿನಲ್ಲಿ ದಾವೆ ಹೂಡಿ ತಡೆಯಾಜ್ಞೆ ಪಡೆದರು. ಸಂಘ ಕಟ್ಟಿದವರನ್ನು ರಕ್ಷಿಸುವ ಕಾನೂನು ಆಗ ಇರಲಿಲ್ಲ. ವಾಡಿಯಾ ಕಾರ್ಮಿಕ ಚಳವಳಿಯಿಂದ ಹೊರಬಂದರು. ಆ ಹೊತ್ತಿಗೆ ಲೆಕ್ಕ ಹಾಕಿದ್ದರೆ ನಷ್ಟವೇ ಹೆಚ್ಚಾಗಿ ಕಾಣುತ್ತಿತ್ತು. ಆದರೆ ಇಂಥ ಕಾನೂನೊಂದು ಬೇಕೆಂಬ ಕೂಗು ಆ ಮೊಕದ್ದಮೆಯಿಂದಲೇ ಬಲಗೊಂಡು, 1926ರಲ್ಲಿ ಟ್ರೇಡ್ ಯೂನಿಯನ್ ಕಾಯಿದೆ ಬಂತು. ಬಿತ್ತಿದವರು ಒಬ್ಬರು, ಉಂಡವರು ದೇಶದ ಎಲ್ಲ ಗಿರಣಿಗಳವರು. ವಾಡಿಯಾ ಅವರು ಆಮೇಲೆ ಬೆಂಗಳೂರಿಗೆ ಬಂದು, 1945ರಲ್ಲಿ ಬಸವನಗುಡಿಯಲ್ಲಿ ಒಂದು ಸಂಸ್ಕೃತಿ ಸಂಸ್ಥೆಯನ್ನು ಸ್ಥಾಪಿಸಿ, 1958ರಲ್ಲಿ ಅಲ್ಲಿಯೇ ತೀರಿಕೊಂಡರು. ಆ ಸಂಸ್ಥೆಯಲ್ಲಿಯೂ ಒಂದು ವಾಚನಾಲಯವಿದೆಯೆಂಬುದು ನಮಗೆ ಸಂತೋಷದ ಸಂಗತಿ.

ಬಿಡಬೇಕಾದದ್ದು ಯಾವುದು?

ಈಗ ಆ ಸದಸ್ಯರ ಬೋನಸ್ಸಿನ ಪ್ರಶ್ನೆಗೆ ಬರೋಣ. ತ್ಯಾಗದಲ್ಲಿಯೂ ಮೂರು ಬಗೆಯೆಂದು ಅದೇ ಹದಿನೆಂಟನೆಯ ಅಧ್ಯಾಯ ತಿಳಿಸುತ್ತದೆ. ಮಾಡಲೇಬೇಕಾದ ಕೆಲಸವನ್ನು ಅವಿವೇಕದಿಂದ ಬಿಡುವುದು ತಾಮಸ. ಮೈನೋವಿಗೆ ಹೆದರಿ ಬಿಡುವುದು ರಾಜಸ. ಕೆಲಸವನ್ನು ಪೂರ್ತಿಯಾಗಿ ಮಾಡಿ, ಅದರ ಮೇಲಿನ ಅಂಟನ್ನೂ ಫಲದ ಹಂಬಲವನ್ನೂ ಬಿಡುವುದು ಸಾತ್ತ್ವಿಕ. ಆದಕಾರಣ ವೈರಾಗ್ಯವೆಂದರೆ ಕೆಲಸ ಬಿಡುವುದಲ್ಲ, ಮನೆ ಬಿಡುವುದಲ್ಲ, ನ್ಯಾಯವಾದ ಕೂಲಿಯನ್ನು ಬಿಡುವುದೂ ಅಲ್ಲ. ದುಡಿದದ್ದನ್ನು ಕೇಳುವುದೂ ಒಂದು ಕರ್ಮವೇ. ಅದನ್ನು ಸರಿಯಾಗಿ, ನಾಲ್ವರೊಡನೆ ಕೂಡಿ, ಸುಳ್ಳಾಡದೆ ಮಾಡಬೇಕು. ಸಿಕ್ಕದಿದ್ದರೆ ಎದೆಯೊಡೆದುಕೊಳ್ಳದೆ, ಸಿಕ್ಕಿದರೆ ಮೈಮರೆಯದೆ ಇರುವುದು ವೈರಾಗ್ಯ.

ಹನ್ನೆರಡನೆಯ ಶತಮಾನದ ಕಲ್ಯಾಣದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಗಂಡ ಮಾರಯ್ಯನದು ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದಾಗ, ಆಕೆ ಹೆಚ್ಚಿನದನ್ನು ಹಿಂದಕ್ಕೆ ಕೊಟ್ಟು ಬರುವಂತೆ ಮಾಡಿದಳು. ಅವಳು ಕಾಯಕವನ್ನು ಬಿಡು ಎನ್ನಲಿಲ್ಲ. ಆ ದಿನದ ಅಕ್ಕಿಯೂ ಬೇಡವೆನ್ನಲಿಲ್ಲ. ತಮ್ಮದಲ್ಲದ್ದನ್ನು ಮಾತ್ರ ಬೇಡವೆಂದಳು. ಕೂಲಿಗೂ ಆಸೆಗೂ ನಡುವಿನ ಗೆರೆಯನ್ನು ಇದಕ್ಕಿಂತ ಸ್ಪಷ್ಟವಾಗಿ ಎಳೆಯುವುದು ಕಷ್ಟ.

ನಮ್ಮ ಕಾಲಕ್ಕೆ ಹತ್ತಿರದವರು ಡಿ. ವಿ. ಗುಂಡಪ್ಪನವರು (1887-1975). ಮೆಟ್ರಿಕ್ಯುಲೇಷನ್ ದಾಟಲಾಗದೆ ಕೆಲಸ ಹುಡುಕಿಕೊಂಡು ಕೋಲಾರದ ಚಿನ್ನದ ಗಣಿಯ ಕಡೆಗೆ ಹೋದವರು. ಸೋಡಾ ಕಾರ್ಖಾನೆಯಲ್ಲಿ ದುಡಿದವರು. ಅವರು ಗೀತೆಯ ಮೇಲೆ ಬರೆದ "ಜೀವನಧರ್ಮಯೋಗ"ಕ್ಕೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. 1970ರಲ್ಲಿ ನಾಡಿನವರು ಅವರನ್ನು ಸನ್ಮಾನಿಸಿ ದೊಡ್ಡ ನಿಧಿಯೊಂದನ್ನು ಅರ್ಪಿಸಿದಾಗ, ಅದನ್ನು ಅವರು ತಾವು ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಕೊಟ್ಟುಬಿಟ್ಟರು. ಸಂಸಾರವನ್ನು ನಡೆಸುತ್ತ, ಪತ್ರಿಕೆಯನ್ನು ನಡೆಸುತ್ತ, ಸಭೆಗಳಲ್ಲಿ ವಾದಿಸುತ್ತ ಇದ್ದ ವೈರಾಗ್ಯ ಅದು. ಅವರ ಮಗ ಬಿ. ಜಿ. ಎಲ್. ಸ್ವಾಮಿಯವರು ಇದೇ ಊರಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದರೆಂಬುದನ್ನು ಇಲ್ಲಿಯ ಕನ್ನಡಿಗರು ಮರೆಯಲಾರರು.

ನಾವು ಮಾಡಬಹುದಾದದ್ದು

ದೊಡ್ಡವರ ಮಾತು ಹಾಗಿರಲಿ. ಕೋಣೆಯೊಂದರಲ್ಲಿ ನಾಲ್ವರು ಮಲಗುವ ನಮಗೆ ಇದರಿಂದೇನು? ಒಂದು ಉದಾಹರಣೆ ಕೊಡುತ್ತೇವೆ. ನಾವೆಲ್ಲ ಊರಿಗೆ ಹಣ ಕಳುಹಿಸುವವರು. ಹಣದ ಜೊತೆಯಲ್ಲಿ ನಾವು ಹಕ್ಕನ್ನೂ ಕಳುಹಿಸುತ್ತೇವೆ. "ನಾನು ಇಲ್ಲಿ ಹೊಟ್ಟೆ ಬಟ್ಟೆ ಕಟ್ಟಿ ಕಳುಹಿಸಿದರೆ ತಮ್ಮ ಹೀಗೆ ಖರ್ಚು ಮಾಡಿದ, ಮಗ ಇಷ್ಟೇ ಅಂಕ ತಂದ, ಹಬ್ಬಕ್ಕೆ ಹೋದರೆ ಯಾರೂ ಆದರಿಸಲಿಲ್ಲ" ಎಂದು ರಾತ್ರಿಯೆಲ್ಲ ನಿದ್ದೆಗೆಡುತ್ತೇವೆ. ದುಡಿದ ದಣಿವಿಗಿಂತ ಈ ದಣಿವೇ ದೊಡ್ಡದು. ಕಳುಹಿಸುವುದು ನಮ್ಮ ಧರ್ಮ. ಲೆಕ್ಕ ಕೇಳುವುದೂ ಹಿರಿಯನ ಧರ್ಮವೇ. ಆದರೆ ಕಳುಹಿಸಿದ ರೂಪಾಯಿ ಕೃತಜ್ಞತೆಯಾಗಿ ಹಿಂದಿರುಗಬೇಕೆಂದು ಬಾಗಿಲು ಕಾಯುವುದನ್ನು ಬಿಡಬಹುದು. ಅದನ್ನು ಬಿಟ್ಟರೆ ನಮ್ಮದೇನೂ ಹೋಗುವುದಿಲ್ಲ, ನಿದ್ದೆ ಬರುತ್ತದೆ.

ಇನ್ನೊಂದು. ಏನಾದರೂ ಕೆಟ್ಟಾಗ "ಕರ್ಮ" ಎನ್ನುವ ಮೊದಲು ಆ ಐದು ಕಾರಣಗಳನ್ನು ಬೆರಳೆಣಿಸಿ ನೋಡುವುದು. ನಾಲ್ಕನ್ನು ಪರೀಕ್ಷಿಸಿದ ಮೇಲೆ ಉಳಿದದ್ದನ್ನು ದೈವಕ್ಕೆ ಬಿಡೋಣ. ಆಗ ದೈವಕ್ಕೆ ಬಿಟ್ಟದ್ದೂ ಭಕ್ತಿಯಾಗುತ್ತದೆ. ಮೊದಲೇ ಬಿಟ್ಟರೆ ಅದು ಸೋಮಾರಿತನ.

ಕೈಗೆ ಪೆಟ್ಟಾದ ಆ ಹುಡುಗ ಈಗಲೂ ನಮ್ಮ ವಾಚನಾಲಯಕ್ಕೆ ಬರುತ್ತಾನೆ. ಚೀಟಿಯ ಸಂಗತಿಯನ್ನು ನಾವು ಅವನಿಗೆ ಹೇಳಿದೆವು. ಹೇಳುವುದಕ್ಕೆ ಎರಡು ವರ್ಷ ಹಿಡಿಯಿತು. ಅವನು ಬಹಳ ಹೊತ್ತು ಸುಮ್ಮನಿದ್ದು, "ಈಗ ಚೀಟಿ ಬಂದ ದಿನವೇ ಕಳಿಸ್ತೀರೇನಣ್ಣಾ?" ಎಂದು ಮಾತ್ರ ಕೇಳಿದ. ಕಳುಹಿಸುತ್ತೇವೆ. ಹೊರಟ ಬಾಣವನ್ನು ಕರೆಯಲಾರೆವು. ಕೈಯಲ್ಲಿರುವುದನ್ನು ನೋಡಿ ಬಿಡುತ್ತೇವೆ.

"ಜೀವನಧರ್ಮಯೋಗ"ದ ಒಂದು ಪ್ರತಿ ನಮ್ಮ ಕಪಾಟಿನಲ್ಲಿದೆ. ಭಾನುವಾರ ಬಿಡುವಿರುವವರು ಬಂದರೆ ಹದಿನೆಂಟನೆಯ ಅಧ್ಯಾಯವನ್ನು ಕೂಡಿ ಓದೋಣ. ಓದು ಬಾರದವರೂ ಬರಬಹುದು, ಓದಿ ಹೇಳುವವರಿದ್ದಾರೆ.